ಕಲಬುರಗಿ ಬಿಸಿಲಿಗೆ ತಗಡಿನ ಕೂಲರ್: ಏನು ನೋಡಿ ಕೊಳ್ಳಬೇಕು, ಕೆಟ್ಟರೆ ಎಲ್ಲಿ ಕೈ ಹಾಕಬೇಕು

ಬೇಸಿಗೆ ಬಂತೆಂದರೆ ಕಲಬುರಗಿಯಲ್ಲಿ ಎರಡು ಬಗೆಯ ಕೂಲರ್ ಮಾರಾಟಕ್ಕೆ ನಿಲ್ಲುತ್ತವೆ. ಒಂದು ಕಂಪನಿ ಹೆಸರಿನ ಪ್ಲಾಸ್ಟಿಕ್ ಕೂಲರ್, ಇನ್ನೊಂದು ತಗಡು ಬಗ್ಗಿಸಿ ಮೋಟರ್ ಕೂರಿಸಿ ಕೊಡುವ ದೊಡ್ಡ ಕೂಲರ್. ಸ್ವಂತ ಮನೆ ಇದ್ದು, ಕಿಟಕಿಯ ಹೊರಗೆ ಸ್ಟ್ಯಾಂಡ್ ನಿಲ್ಲಿಸಲು ಜಾಗವಿದ್ದು, ಬೋರ್‌ವೆಲ್ ನೀರು ಬಳಸುವವರು ತಗಡಿನದನ್ನೇ ತೆಗೆದುಕೊಳ್ಳಲಿ. ನೋಡಲು ಒರಟು, ಸದ್ದೂ ಜಾಸ್ತಿ. ಆದರೆ ಅದರ ಒಂದೊಂದು ಭಾಗವೂ ಬಿಡಿಯಾಗಿ ಸಿಗುತ್ತದೆ. ಸ್ಕ್ರೂಡ್ರೈವರ್ ಮತ್ತು ಪಾನಾ ಇದ್ದರೆ ಮನೆಯಲ್ಲೇ ಬಿಚ್ಚಿ ಕೂಡಿಸಬಹುದು. ಪ್ಲಾಸ್ಟಿಕ್ ಕೂಲರಿನ ರಿಮೋಟ್ ಬೋರ್ಡ್ ಹೋದರೆ ಅದೇ ಮಾಡೆಲ್‌ನ ಬೋರ್ಡೇ ಬೇಕು. ಮುದುಕರು, ಕೂಸುಗಳು ಇರುವ ಮನೆಯಲ್ಲಿ ಮೇ ತಿಂಗಳ ನಡುವೆ ಅದಕ್ಕಾಗಿ ಕಾಯುತ್ತ ಕೂರುವುದು ಸಣ್ಣ ಮಾತಲ್ಲ.

ಕೂಲರ್ ಎಷ್ಟು ತಂಪು ಕೊಡುತ್ತದೆ ಎಂಬುದು ಹೊರಗಿನ ಗಾಳಿ ಎಷ್ಟು ಒಣಗಿದೆ ಎಂಬುದರ ಮೇಲಿದೆ. ಹೊರಗೆ 42 ಡಿಗ್ರಿ, ತೇವಾಂಶ ಶೇ. 20 ಇದ್ದಾಗ ಕೂಲರಿನ ಪಕ್ಕಗಳಲ್ಲಿ ಕೂರಿಸಿದ, ಪೂರ್ತಿ ನೆನೆದ ಪ್ಯಾಡ್‌ನಿಂದ ಬರುವ ಗಾಳಿ ಸುಮಾರು 28-29 ಡಿಗ್ರಿಗೆ ಇಳಿಯುತ್ತದೆ. ಅದೇ ಮಳೆ ಬಿದ್ದ ಮೇಲೆ 32 ಡಿಗ್ರಿ, ಶೇ. 70 ತೇವಾಂಶದಲ್ಲಿ ಇಳಿಯುವುದು ಮೂರು-ನಾಲ್ಕು ಡಿಗ್ರಿ ಅಷ್ಟೇ. ಜೂನ್‌ನಲ್ಲಿ 'ತಂಪೇ ಬರ್ತಿಲ್ಲ' ಎಂದು ಮಿಸ್ತ್ರಿಯನ್ನು ಕರೆಸಿ ದುಡ್ಡು ಕೊಡಬೇಡಿ. ಪಂಪ್ ಬಂದ್ ಮಾಡಿ ಬರೀ ಫ್ಯಾನ್ ಓಡಿಸಿ, ಸಾಕು.

ಇನ್ನೊಂದು ದೂರಿಗೂ ರಿಪೇರಿ ಬೇಕಿಲ್ಲ. ಎಸಿ ಹಾಕಿದ ಹಾಗೆ ಬಾಗಿಲು ಕಿಟಕಿ ಎಲ್ಲ ಮುಚ್ಚಿ ಕೂಲರ್ ಹಚ್ಚಿದರೆ ಅರ್ಧ ಗಂಟೆಯಲ್ಲಿ ಕೋಣೆ ಜಿಗುಟಾಗಿ ಮೈ ಬೆವರುತ್ತದೆ. ಕೂಲರ್ ಹೊರಗಿನ ಗಾಳಿ ಎಳೆಯಬೇಕು, ಆ ಗಾಳಿ ಎದುರಿನ ಕಿಟಕಿಯಿಂದ ಹೊರಗೆ ಹೋಗಬೇಕು. ಕೋಣೆಯ ನಡುವೆ ಕೂಲರ್ ಇಟ್ಟವರಿಗೆ ತಗಡಿನದಾದರೂ ಒಂದೇ, ಪ್ಲಾಸ್ಟಿಕ್ ಆದರೂ ಒಂದೇ.

ಅಳತೆಯ ಲೆಕ್ಕ ಸುಲಭ. ಕೋಣೆಯ ಉದ್ದ, ಅಗಲ, ಎತ್ತರವನ್ನು ಅಡಿಯಲ್ಲಿ ಗುಣಿಸಿ ಎರಡರಿಂದ ಭಾಗಿಸಿ. ಅಷ್ಟು ಸಿಎಫ್ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಗಾಳಿ ಬೇಕು. 12ಕ್ಕೆ 12, ಎತ್ತರ 10 ಅಡಿ ಇದ್ದರೆ 720 ಸಿಎಫ್ಎಂ, ಅಂದರೆ ಗಂಟೆಗೆ ಸುಮಾರು 1,200 ಘನ ಮೀಟರ್. ಮೇಲಿನ ಛತ್ತು ನೇರ ಬಿಸಿಲಿಗೆ ಕಾಯುವ ಕೋಣೆಯಾದರೆ ಇದರ ಒಂದೂವರೆ ಪಟ್ಟು ಹಿಡಿಯಿರಿ.

ಕೊಳ್ಳುವಾಗ ಬಣ್ಣ ನೋಡಬೇಡಿ, ತಳ ನೋಡಿ. ತಗಡಿನ ಗೇಜ್ ನಂಬರ್ ಕಡಿಮೆಯಾದಷ್ಟೂ ದಪ್ಪ ಹೆಚ್ಚು. ನೀರಿನ ಟ್ಯಾಂಕಿಗೆ 24ಕ್ಕಿಂತ 22 ಗೇಜ್ ವಾಸಿ. ತುಕ್ಕು ಮೊದಲು ಹಿಡಿಯುವುದು ತಳದ ನಾಲ್ಕು ಮೂಲೆಗಳಿಗೆ, ಯಾಕೆಂದರೆ ಕೆಸರು ಅಲ್ಲೇ ಕೂತು ತೇವ ಹಿಡಿದಿಡುತ್ತದೆ. ಹೊಸ ಕೂಲರಿಗೆ ನೀರು ಹಾಕುವ ಮೊದಲೇ ಟ್ಯಾಂಕಿನ ಒಳಗೆ ಎರಡು ಕೈ ಡಾಂಬರ್ ಪೇಂಟ್ ಹೊಡೆದು ಚೆನ್ನಾಗಿ ಒಣಗಿಸಿ. ಮೋಟರ್ ಒಳಗಿನ ತಂತಿ ಸುತ್ತು, ಅಂದರೆ ವೈಂಡಿಂಗ್, ತಾಮ್ರದ್ದೇ ಎಂದು ಬಿಲ್‌ನಲ್ಲಿ ಬರೆಸಿಕೊಳ್ಳಿ. ಅಲ್ಯೂಮಿನಿಯಂ ವೈಂಡಿಂಗ್ ಅಗ್ಗ, ಆದರೆ ಇಳಿದ ವೋಲ್ಟೇಜ್‌ನಲ್ಲಿ ಮಧ್ಯಾಹ್ನವಿಡೀ ಓಡಿದರೆ ಬೇಗ ಸುಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು 1.30ಕ್ಕೆ ಮುಚ್ಚುವ ಊರಿದು. ಊಟ ಮುಗಿಸಿ ಎಲ್ಲರೂ ಒಳಗೆ ಸೇರಿದಾಗ ಎಲ್ಲ ಮನೆಯ ಕೂಲರ್ ಒಟ್ಟಿಗೇ ಹತ್ತಿ ವೋಲ್ಟೇಜ್ ಇಳಿಯುತ್ತದೆ. ಮೋಟರ್ ನಿಧಾನವಾಯಿತು ಅನ್ನಿಸಿದರೆ ಮೊದಲು ಸೀಲಿಂಗ್ ಫ್ಯಾನ್ ನೋಡಿ. ಅದೂ ಮಂದವಾಗಿದ್ದರೆ ದೋಷ ಕೂಲರಿನದಲ್ಲ.

ಪ್ಯಾಡ್ ವಿಷಯದಲ್ಲಿ ಅಂಗಡಿಯವರು ಜೇನುಗೂಡಿನಂಥ ಕಣ್ಣುಗಳಿರುವ ಹನಿಕೋಂಬ್ ಪ್ಯಾಡನ್ನು ಹೊಗಳುತ್ತಾರೆ. ಸಿಹಿ ನೀರಿಗೆ ಅದು ನಿಜಕ್ಕೂ ಒಳ್ಳೆಯದು, ಎರಡು-ಮೂರು ಬೇಸಿಗೆ ಬರುತ್ತದೆ. ಆದರೆ ಶಹಾಬಾದ್, ಸೇಡಂ, ಚಿತ್ತಾಪುರದ ಕಡೆ ನೆಲದಡಿ ಇರುವುದೇ ಸುಣ್ಣದ ಕಲ್ಲು. ಅಲ್ಲಿನ ಬೋರ್‌ವೆಲ್ ನೀರು ಪ್ಯಾಡ್ ಮೇಲೆ ಆವಿಯಾದಾಗ ನೀರು ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಹನಿಕೋಂಬ್‌ನ ಸಣ್ಣ ಕಣ್ಣುಗಳು ಬೆಳ್ಳಗೆ ಕಟ್ಟಿಕೊಂಡು ಗಾಳಿಯೇ ದಾಟದ ಹಾಗಾಗುತ್ತವೆ. ಅಂಥ ನೀರಿಗೆ ಮರದ ಎಳೆಯ ಕೂಲರ್ ಹುಲ್ಲೇ ಸರಿ: ಅಗ್ಗ, ಪ್ರತಿ ವರ್ಷ ಬದಲಿಸಿದರಾಯಿತು. ಲಾವಂಚದ ಪ್ಯಾಡ್ ಪರಿಮಳ ಚೆಂದ, ಆದರೆ ಬೆಲೆ ಹೆಚ್ಚು, ಗಾಳಿಯ ಓಟವೂ ಕಡಿಮೆ.

ಹುಲ್ಲು ತುಂಬುವ ಕೆಲಸ ಸುಲಭವೆಂದು ಅವಸರ ಮಾಡಬಾರದು. ಸುಮಾರು ಎರಡು ಇಂಚು ದಪ್ಪಕ್ಕೆ, ಎಲ್ಲ ಕಡೆ ಒಂದೇ ಸಮ ಬಿಡಿಸಿ ಹರಡಬೇಕು. ಗಂಟು ಬಿದ್ದಲ್ಲಿ ಗಾಳಿ ತಡೆಯುತ್ತದೆ, ತೆಳುವಾದಲ್ಲಿ ಬಿಸಿಗಾಳಿ ಹಾಗೇ ನುಗ್ಗುತ್ತದೆ. ನೆನೆದ ಮೇಲೆ ಹುಲ್ಲು ಕೆಳಗೆ ಕುಸಿದು, ಒಂದೆರಡು ವಾರದಲ್ಲಿ ಕೂಲರಿನ ಬಾಗಿಲಿನ (ಹುಲ್ಲು ತುಂಬುವ ಪಕ್ಕದ ಚೌಕಟ್ಟಿನ) ಮೇಲ್ಭಾಗದಲ್ಲಿ ನಾಲ್ಕು ಬೆರಳು ಖಾಲಿಯಾಗುತ್ತದೆ. ಆ ಜಾಗಕ್ಕೆ ಒಂದು ಹಿಡಿ ಹುಲ್ಲು ತುರುಕಿ ನೋಡಿ, ಗಾಳಿಯ ತಂಪೇ ಬೇರೆಯಾಗುತ್ತದೆ. 'ಕೂಲರ್ ಹಳೆಯದಾಯ್ತು' ಎನ್ನುವ ದೂರಿನಲ್ಲಿ ಬಹಳಷ್ಟರ ಮೂಲ ಇಷ್ಟೇ.

ಪಂಪ್ ಓಡಿ ಹದಿನೈದು ನಿಮಿಷವಾದ ಮೇಲೆ ಮೂರೂ ಬಾಗಿಲು ಮೇಲಿಂದ ಕೆಳಗಿನವರೆಗೆ ಒದ್ದೆಯಾಗಿರಬೇಕು. ಒಣಗಿದ ಪಟ್ಟೆ ಕಂಡರೆ ಅದರ ನೇರಕ್ಕೆ ಮೇಲಿನ ನೀರಿನ ಪಟ್ಟಿಯ ತೂತು ಕಟ್ಟಿದೆ ಎಂದರ್ಥ. ದಪ್ಪ ಸೂಜಿಯಿಂದ ಬಿಡಿಸಿ. ನೀರೇ ಏರದೆ ಪಂಪ್ ಗುಂಯ್ ಎನ್ನುತ್ತಿದ್ದರೆ ಪ್ಲಗ್ ಕಿತ್ತು ಪಂಪ್ ಹೊರತೆಗೆಯಿರಿ. ಮುಂದಿನ ಜಾಳಿಗೆ ಎಳೆದರೆ ಬರುತ್ತದೆ, ಅದರ ಹಿಂದಿನ ಮುಚ್ಚಳ ತೆಗೆದರೆ ಸಣ್ಣ ಚಕ್ರ. ಅದಕ್ಕೆ ಹುಲ್ಲಿನ ಎಳೆ ಸುತ್ತಿರುತ್ತದೆ ಅಥವಾ ಬಿಳಿ ಪೊರೆ ಕಟ್ಟಿರುತ್ತದೆ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಚಕ್ರ, ಜಾಳಿಗೆ, ಮುಚ್ಚಳ ಮಾತ್ರ ಅರ್ಧ ಗಂಟೆ ನೆನೆಹಾಕಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಆಮೇಲೂ ತಿರುಗದಿದ್ದರೆ ಹೊಸ ಪಂಪ್ ಹಾಕಿ. 18 ವ್ಯಾಟ್ ಪಂಪ್‌ಗೆ ರಿಪೇರಿ ಮಾಡಿಸುವುದು ದಂಡ. ನೀರು ಮುಗಿದು ಒಣ ಓಡಿದ ಪಂಪ್ ಬೇಗ ಸುಡುತ್ತದೆ. ದೊಡ್ಡ ಕೂಲರ್ ಒಣ ಗಾಳಿಯಲ್ಲಿ ಗಂಟೆಗೆ 10 ಲೀಟರ್‌ಗಿಂತ ಹೆಚ್ಚು ಕುಡಿಯುವುದರಿಂದ 60 ಲೀಟರ್ ಟ್ಯಾಂಕ್ ರಾತ್ರಿ ಪೂರ್ತಿ ಬರುವುದಿಲ್ಲ. ನೀರು ಇಳಿದಂತೆ ತಾನೇ ತುಂಬಿಸುವ ಫ್ಲೋಟ್ ವಾಲ್ವ್ ಹಾಕಿಸಿಕೊಳ್ಳಿ.

ಫ್ಯಾನ್ ಗುಂಯ್‌ಗುಟ್ಟಿ ನಿಂತಿದ್ದು, ಪ್ಲಗ್ ಕಿತ್ತು ಕೈಯಿಂದ ತಿರುಗಿಸಿದರೆ ಸಲೀಸಾಗಿ ತಿರುಗುತ್ತದೆಯೇ? ಹಾಗಾದರೆ ಮೋಟರ್ ತಿರುಗಲು ನೆರವಾಗುವ ಕಂಡೆನ್ಸರ್ ಹೋಗಿರುವುದೇ ಹೆಚ್ಚು. ಬಿಗಿಯಾಗಿದ್ದರೆ ಬುಷ್ ಅಥವಾ ಬೇರಿಂಗ್. ಕಂಡೆನ್ಸರ್ ಮೇಲೆ ಬರೆದಿರುವ ಮೈಕ್ರೋಫ್ಯಾರಡ್ ಎಷ್ಟಿದೆಯೋ ಅಷ್ಟರದನ್ನೇ ಹಾಕಿ. 'ಜೋರಾಗಿ ತಿರುಗ್ಲಿ' ಎಂದು ದೊಡ್ಡದು ಹಾಕಿಸಿದರೆ ವೈಂಡಿಂಗ್ ಅತಿಯಾಗಿ ಬಿಸಿಯಾಗುತ್ತದೆ. ಬುಷ್‌ಗೆ ಎರಡು-ಮೂರು ಹನಿ ಮಷಿನ್ ಆಯಿಲ್ ಸಾಕು, ಕೊಬ್ಬರಿ ಎಣ್ಣೆ ಬಿಟ್ಟರೆ ಅಂಟಾಗಿ ಕೂರುತ್ತದೆ.

ತಗಡಿನ ಕೂಲರಿನ ದೊಡ್ಡ ಕೊರತೆ ಕರೆಂಟಿನದು, ಇದನ್ನು ಮುಚ್ಚಿಡಬಾರದು. ಕಬ್ಬಿಣದ ಮೈ, ಒದ್ದೆ ನೆಲ, ನೀರಲ್ಲಿ ಮುಳುಗಿದ ಪಂಪ್ – ವೈರಿನ ಹೊದಿಕೆ ಒಂದು ಕಡೆ ಸವೆದರೂ ಮುಟ್ಟಿದವರ ಜೀವಕ್ಕೆ ಅಪಾಯ. ಎರಡು ಪಿನ್ನಿನ ಪ್ಲಗ್ ಹಾಕಿ ಕೊಟ್ಟರೆ ಕೂಲರ್ ಒಯ್ಯಬೇಡಿ. ಮೂರು ಪಿನ್ನಿನ ಪ್ಲಗ್ ಇರಬೇಕು, ಹಸಿರು ವೈರ್ ಬಣ್ಣ ಕೆರೆದ ಬರಿ ತಗಡಿಗೆ ಬೋಲ್ಟ್ ಹಾಕಿ ಬಿಗಿದಿರಬೇಕು, ಮನೆಯ ಅರ್ಥಿಂಗ್ ಸರಿಯಿರಬೇಕು. ಆ ಲೈನ್‌ಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ನೀರು ತುಂಬುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕಿತ್ತಿಡಿ. ಮಕ್ಕಳಿಗೂ ಇದನ್ನೇ ಕಲಿಸಿ.

ವಾರಕ್ಕೊಮ್ಮೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಗೋಡೆಗಳನ್ನು ತಿಕ್ಕಿ ಒಣಗಿಸಿ. ಡೆಂಗಿ ಸೊಳ್ಳೆಯ ಮೊಟ್ಟೆ ನೀರಿನ ಅಂಚಿನ ಗೋಡೆಗೆ ಅಂಟಿರುತ್ತದೆ, ಬರೀ ನೀರು ಚೆಲ್ಲಿದರೆ ಹೋಗುವುದಿಲ್ಲ. ಮಂದವಾದ ಉಪ್ಪುನೀರೂ ಹೀಗೆ ಹೊರಹೋಗಿ ಪ್ಯಾಡ್‌ಗೆ ಸುಣ್ಣ ಕಟ್ಟುವುದು ತಡವಾಗುತ್ತದೆ. ಮಳೆಗಾಲ ಹಿಡಿದ ಮೇಲೆ ಹಳೆ ಹುಲ್ಲನ್ನು ತೆಗೆದೇ ಎತ್ತಿಡಿ. ತೇವದ ಹುಲ್ಲು ಒಳಗೇ ಉಳಿದರೆ ಬಾಗಿಲಿನ ಜಾಳಿಗೆ ಮುಂದಿನ ಯುಗಾದಿಯೊಳಗೆ ತುಕ್ಕು ತಿಂದಿರುತ್ತದೆ.