15 ದಿನದ ಬಾತ್‌ರೂಮ್ ಪ್ಯಾಕೇಜ್: ಎರಡು ವರ್ಷ ಬಳಸಿದ ಮೇಲೆ

ಹಳೆ ಬಾತ್‌ರೂಮ್ ಒಡೆದು 15 ದಿನದಲ್ಲಿ ಹೊಸದು ಮಾಡಿಕೊಡುವ ಪ್ಯಾಕೇಜ್ ಇದು. ಟೈಲ್ಸ್, ನಲ್ಲಿಗಳ ವಿವರ ಕ್ಯಾಟಲಾಗ್‌ನಲ್ಲೇ ಇದೆ, ಬಿಡಿ. ತಕರಾರು ಇರುವುದು ಆ 15ರ ಮೇಲೆ.

ಲೆಕ್ಕ ಹಾಕಿ ನೋಡಿ. ಒಡೆದು ಕಸ ಸಾಗಿಸಲು 2 ದಿನ. ಗೋಡೆ ಕೊರೆದು ಪೈಪ್ ಎಳೆಯಲು 3. ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪ್‌ಗಳ ಜಾಯಿಂಟ್‌ನ ಅಂಟು ಒಣಗಿ, ಒತ್ತಡದಲ್ಲಿ ನೀರು ತುಂಬಿ ಸೋರಿಕೆ ನೋಡುವ ಪ್ರೆಶರ್ ಟೆಸ್ಟ್ ಮುಗಿಯಲು 2. ಪ್ಲಾಸ್ಟರಿಂಗ್‌ಗೆ 1, ಅದಕ್ಕೆ ನೀರುಣಿಸಿ ಕ್ಯೂರಿಂಗ್ 7. ಅಲ್ಲಿಗೇ 15 ಮುಗಿಯಿತು. ಟೈಲ್ಸ್ ಡಬ್ಬ ಇನ್ನೂ ಬಿಚ್ಚಿಲ್ಲ!

ಮುಂದೆ ವಾಟರ್‌ಪ್ರೂಫಿಂಗ್. ಸಿಮೆಂಟ್-ಪಾಲಿಮರ್ ಲೇಪವಾದರೆ ಎರಡು ಕೋಟ್, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಆಮೇಲೆ 3 ದಿನ ಮುಟ್ಟಬಾರದು. ನೀರು ಹೊರಹೋಗುವ ನೆಲದ ಟ್ರ್ಯಾಪ್‌ನ ಬಾಯಿ ಕಟ್ಟಿ, ನೆಲದ ಮೇಲೆ ನೀರು ತುಂಬಿ ನಿಲ್ಲಿಸಿ, 24ರಿಂದ 48 ಗಂಟೆ ಕೆಳಗಿನ ಛಾವಣಿ ಸೋರುತ್ತದೆಯೇ ಎಂದು ನೋಡುತ್ತಿರಬೇಕು. ಇಳಿಜಾರಿನ ಗಾರೆ, ಟೈಲ್ಸ್, ಅವುಗಳ ಸಂದು ತುಂಬುವ ಗ್ರೌಟ್, ಫಿಟ್ಟಿಂಗ್, ಸಿಲಿಕಾನ್ ಸೇರಿ ಇನ್ನೊಂದು 10 ದಿನ. ಒಟ್ಟು ಒಂದು ತಿಂಗಳು.

ಹಾಗಾದರೆ ಇವರು ದಿನ ಉಳಿಸಿದ್ದೆಲ್ಲಿ? ಕ್ಯೂರಿಂಗ್ ಎರಡೇ ದಿನ, ನೀರು ನಿಲ್ಲಿಸಿದ್ದು ಒಂದೇ ರಾತ್ರಿ. ಶವರ್ ಗೋಡೆಯ ಕೆಲವು ಟೈಲ್ಸ್ ನಾಣ್ಯದಿಂದ ತಟ್ಟಿದರೆ ಈಗ ಟೊಳ್ಳು ಸದ್ದು. ಹಸಿ ಗಾರೆ ಒಣಗುತ್ತ ಕುಗ್ಗುತ್ತದೆ, ಟೈಲ್ ಕುಗ್ಗುವುದಿಲ್ಲ. ನಡುವಿನ ಹಿಡಿತ ಬಿಡುತ್ತದೆ. ಗ್ರೌಟ್ ಗೆರೆಗಳಲ್ಲಿ ಬಿಳಿ ಉಪ್ಪು ಒರೆಸಿದಷ್ಟೂ ಮೂಡುತ್ತದೆ.

ನೆಲದ ವಿಷಯಕ್ಕೆ ಬಂದರೆ ಮಾತ್ರ ಬೈಯಲು ಮನಸ್ಸಾಗದು. ಮೀಟರಿಗೆ 12 ಮಿ.ಮೀ. ಇಳಿಜಾರು, ನಾಲ್ಕೂ ಮೂಲೆಯಿಂದ ಟ್ರ್ಯಾಪ್‌ಗೆ ದಾರ ಕಟ್ಟಿ ತೆಗೆದದ್ದು. ಬೆಳಿಗ್ಗೆ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುವಷ್ಟರಲ್ಲಿ ನೀರೆಲ್ಲ ಹರಿದು ಹೋಗಿರುತ್ತದೆ. ವೈಪರ್‌ಗೆ ಕೆಲಸವೇ ಇಲ್ಲ. ವಾರಕ್ಕೊಮ್ಮೆ ಜಾಲರಿ ಎತ್ತಿ, ಕೂದಲು ತೆಗೆದು, ಒಳಗಿನ ಕಪ್ ತೊಳೆದು ಕೂರಿಸಿದರೆ ವಾಸನೆಯೂ ಸುಳಿಯದು. ಆ ಮೇಸ್ತ್ರಿಗೆ ಇನ್ನೆರಡು ವಾರ ಕೊಟ್ಟಿದ್ದರೆ ಗೋಡೆಯೂ ಹೀಗೇ ನಿಲ್ಲುತ್ತಿತ್ತು.

ಜಾಹೀರಾತು ಬಾಯಿಬಿಡದ ಎರಡು ಸಂಗತಿ. ನೀರನ್ನು ನಲ್ಲಿಗೋ ಶವರ್‌ಗೋ ತಿರುಗಿಸುವ ಗೋಡೆಯೊಳಗಿನ ಡೈವರ್ಟರ್ ಪ್ಲಾಸ್ಟರಿಂಗ್‌ಗೆ ಮೊದಲೇ ಕೈಯಲ್ಲಿರಬೇಕು. ಅದರ ಮೇಲಿನ ಕನಿಷ್ಠ-ಗರಿಷ್ಠ ಆಳದ ಗುರುತಿಗೆ ಗಾರೆ, ಅಂಟು, ಟೈಲ್ ಮೂರರ ದಪ್ಪವೂ ಹೊಂದಬೇಕು. ಎರಡನೆಯದು ಗಾಜಿನ ಪಾರ್ಟಿಷನ್. ಕಾಯಿಸಿ ಗಟ್ಟಿಗೊಳಿಸಿದ ಟಫನ್ಡ್ ಗಾಜನ್ನು ತಯಾರಾದ ಮೇಲೆ ಕತ್ತರಿಸಲಾಗದು, ಹಾಗಾಗಿ ಅಳತೆ ತೆಗೆಯುವುದೇ ಟೈಲ್ಸ್ ಮುಗಿದ ಮೇಲೆ. ವಾರವೋ ಹತ್ತು ದಿನವೋ ಅದಕ್ಕೆ ಬೇರೆ.

ಮನೆಯಲ್ಲಿ ಇನ್ನೊಂದು ಬಾತ್‌ರೂಮ್ ಇದ್ದರೆ ಈ ಪ್ಯಾಕೇಜ್ ತಗೊಳ್ಳಿ, ಆದರೆ 30 ದಿನ ಎಂದು ಬರೆಸಿಕೊಂಡು. ಇರುವುದು ಒಂದೇ ಆದರೆ ಬದಲಿ ವ್ಯವಸ್ಥೆ ಮಾಡಿಕೊಳ್ಳುವವರೆಗೆ ಒಡೆಯಲು ಬಿಡಬೇಡಿ. ಐದಕ್ಕೆ ಮೂರು ಅಂಕ, ಅದರಲ್ಲಿ ಎರಡು ನೆಲಕ್ಕೆ.