ಗುಡ್ಡೆಯ ಕೇಪಳವೋ, ನರ್ಸರಿಯ ಮಿನಿ ಇಕ್ಸೋರಾವೋ?

ಬೆಂಗಳೂರಿನ ನರ್ಸರಿಯಲ್ಲಿ ಇಕ್ಸೋರಾ ಕೇಳಿದರೆ ತೋರಿಸುವುದು ಸಾಮಾನ್ಯವಾಗಿ ಮಿನಿ ತಳಿ. ಮೊಣಕಾಲೆತ್ತರದ ಗಿಡ, ಒತ್ತೊತ್ತಾದ ಸಣ್ಣ ಎಲೆ, ಕೆಂಪು, ಹಳದಿ, ಗುಲಾಬಿ ಗೊಂಚಲು. ನಮ್ಮ ಪುತ್ತೂರು ಕಡೆ ಮುರಕಲ್ಲಿನ ಗುಡ್ಡೆಯಲ್ಲಿ ಯಾರೂ ನೆಡದೆ ಬೆಳೆಯುವ ಕೇಪಳವೂ ಇಕ್ಸೋರಾವೇ, ಹೆಸರು ಇಕ್ಸೋರಾ ಕಾಕ್ಸಿನಿಯಾ. ಎರಡೂ ಕಾಫಿ ಗಿಡದ ಬಳಗ. ಬೆಂಗಳೂರಿನ ಮನೆಯಲ್ಲಿ ಎರಡನ್ನೂ ಕುಂಡದಲ್ಲೂ ನೆಲದಲ್ಲೂ ಬೆಳೆಸಿ ನೋಡಿದ್ದೇನೆ.

ಕುಂಡಕ್ಕಾದರೆ ಮಿನಿಯೇ ಸರಿ. ಹನ್ನೆರಡು ಇಂಚಿನದು ಸಾಕು, ಅರ್ಧ ದಿನ ನೇರ ಬಿಸಿಲು ಬಿದ್ದರೆ ವರ್ಷದ ಬಹುಪಾಲು ಹೂವಿರುತ್ತದೆ. ಕೇಪಳ ಕುಂಡದಲ್ಲಿ ಸಾಯುವುದಿಲ್ಲ, ಬೆಳೆಯುವುದೂ ಇಲ್ಲ; ಮುನಿಸಿಕೊಂಡ ಅಳಿಯನ ಹಾಗೆ ನಿಂತಿರುತ್ತದೆ. ಅದಕ್ಕೆ ನೆಲವೇ ಬೇಕು. ನೆಲಕ್ಕಿಳಿಸಿದ ಮೇಲೆ ಮೊದಲ ಮಳೆಗಾಲ ಕಳೆಯುವವರೆಗೂ ಹೆಚ್ಚೇನೂ ಕಾಣಲಿಲ್ಲ, ಆಮೇಲೆ ಪೊದೆಯಾಗಿ ಆಳೆತ್ತರ ದಾಟಿತು.

ನಿಜವಾದ ಪರೀಕ್ಷೆ ನೀರಿನದು. ಇಕ್ಸೋರಾಕ್ಕೆ ಹುಳಿ ಮಣ್ಣು ಬೇಕು, ಪಿಎಚ್ 5ರಿಂದ 6ರ ಆಸುಪಾಸು. ನಮ್ಮ ಬೋರ್‌ವೆಲ್ ನೀರು ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟಿಸುವಂಥದ್ದು, ಅದರ ಸುಣ್ಣದಂಶ ಮಣ್ಣಿನ ಹುಳಿ ಕಳೆಯುತ್ತದೆ. ಅದನ್ನೇ ಹಾಕುತ್ತಾ ಹೋದರೆ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುತ್ತಿಲ್ಲ ಎಂದರ್ಥ. ಸುಣ್ಣ ಬಳಿದ ಕಾಂಪೌಂಡಿನ ಬುಡದಲ್ಲಿ ನೆಟ್ಟ ಗಿಡಕ್ಕೂ ಇದೇ ಪಾಡು. ಈ ವಿಷಯದಲ್ಲಿ ಎರಡೂ ಸೋತವು, ಮಿನಿ ಬೇಗ ಸೋತಿತು. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಉಪ್ಪು), ಜೊತೆಗೆ ನಾಲ್ಕು ಹನಿ ನಿಂಬೆರಸ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿದರೆ ಹಸಿರು ಮರಳುತ್ತದೆ. ಅದೇ ಅನ್ನಭೇದಿಯನ್ನು ಸುಣ್ಣದ ಮಣ್ಣಿಗೆ ಸುರಿದರೆ ಅದೂ ಅಲ್ಲೇ ಕಟ್ಟಿಹೋಗುತ್ತದೆ, ದುಡ್ಡು ದಂಡ. ಮಳೆನೀರು ಹಿಡಿದಿಡುವವರಿಗೆ ಈ ತಾಪತ್ರಯ ಕಡಿಮೆ.

ಕತ್ತರಿ ಆಡಿಸುವುದಿದ್ದರೆ ಹೂ ಬಾಡಿದ ಕೂಡಲೇ ಆಡಿಸಬೇಕು. ಗೊಂಚಲು ಬರುವುದು ಗೆಲ್ಲಿನ (ಕೊಂಬೆಯ) ತುದಿಯಲ್ಲಿ. ಅಪಾರ್ಟ್‌ಮೆಂಟಿನ ಮಾಲಿಗಳು ತಿಂಗಳಿಗೊಮ್ಮೆ ಪೆಟ್ಟಿಗೆಯ ಆಕಾರಕ್ಕೆ ಕತ್ತರಿಸಿ, ಹೂವಿಲ್ಲ ಅಂದರೆ ತಪ್ಪನ್ನು ಗೊಬ್ಬರದ ಮೇಲೆ ಹಾಕುತ್ತಾರೆ. ಈ ಹಿಂಸೆ ತಡೆದೂ ಅಷ್ಟಿಷ್ಟು ಹೂ ಕೊಡುವುದು ಮಿನಿ ಮಾತ್ರ.

ಹಾಗಾದರೆ ಕೇಪಳ ಯಾಕೆ? ಮಿನಿಯ ಹೂ ನೋಡುವುದಕ್ಕಷ್ಟೇ. ನಮ್ಮಲ್ಲಿ ಅದು ಹಣ್ಣು ಕಟ್ಟಿದ್ದೇ ಇಲ್ಲ. ಕೇಪಳದ್ದು ಬೇರೆ ಸಂಸಾರ. ಉದ್ದ ಕೊಳವೆಯ ಹೂ, ಬುಡ ಚೀಪಿದರೆ ಒಂದಿಷ್ಟು ಸಿಹಿ, ಆಮೇಲೆ ಕೆಂಪಾಗಿ ಕಡೆಗೆ ಕಪ್ಪಾಗುವ ಹಣ್ಣು. ಬೀಜ ದೊಡ್ಡದು, ತಿರುಳು ತೆಳು, ಆದರೂ ಮಕ್ಕಳು ಬಿಡುವುದಿಲ್ಲ. ಹೂವನ್ನು ಜೀರಿಗೆ, ಒಳ್ಳೆಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಹಾಕಿ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ನರ್ಸರಿ ಗಿಡಕ್ಕೆ ಏನೇನು ಹೊಡೆದಿರುತ್ತಾರೋ, ಅದರ ಹೂವನ್ನು ನಾನು ಒಲೆಯ ಹತ್ತಿರ ತರುವುದಿಲ್ಲ. ದೇವಿಯ ಪೂಜೆಗೂ ಊರವರು ಕೇಳುವುದು ಕೇಪಳವನ್ನೇ.

ದೊಡ್ಡ ಚೆಂಡಿನಂಥ ಗೊಂಚಲಿನ ಹೈಬ್ರಿಡ್ಡನ್ನೂ ತಂದಿದ್ದೆ. ಫೋಟೋಕ್ಕೆ ಚೆನ್ನ. ಜೋರು ಮಳೆಗೆ ಗೊಂಚಲು ಒದ್ದೆ ಮುದ್ದೆಯಾಗಿ ಕೊಳೆಯುತ್ತದೆ, ಇನ್ನೊಂದು ಸಲ ಕೊಳ್ಳಲಾರೆ.

ಬಾಲ್ಕನಿಯಷ್ಟೇ ಇದ್ದವರು ಮಿನಿ ತನ್ನಿ. ಮೂರಡಿ ಮಣ್ಣಿದ್ದರೂ ಕೇಪಳವನ್ನೇ ನೆಡಿ, ಗೋಡೆಯಿಂದ ದೂರ. ಕಾಡಿನಿಂದ ಬುಡಸಮೇತ ಕಿತ್ತು ತರುವುದು ಬೇಡ, ಅದು ಚೇತರಿಸಿಕೊಳ್ಳುವುದು ಅಪರೂಪ. ಮಳೆಗಾಲ ಹಿಡಿದ ಮೇಲೆ ಪೆನ್ಸಿಲ್ ಗಾತ್ರದ, ತೀರ ಎಳೆಯದೂ ಅಲ್ಲದ ಗೆಲ್ಲನ್ನು ಗೇಣುದ್ದ ಕತ್ತರಿಸಿ, ತುದಿಯ ಎರಡೆಲೆ ಮಾತ್ರ ಬಿಟ್ಟು, ಮರಳು ಬೆರೆಸಿದ ಕೆಮ್ಮಣ್ಣಿನಲ್ಲಿ ನೆರಳಿಗಿಡಿ. ನಾಲ್ಕು ಗೆಲ್ಲು ನೆಟ್ಟರೆ ಒಂದೆರಡು ಬೇರು ಬಿಟ್ಟಾವು.