ಪೀಠದ ಬಟ್ಟೆ ಹೊಲಿಸಿದ್ವಿ: ಹಸಿರಿಗೆ ಪೂರ್ತಿ ಮಾರ್ಕ್ಸ್, ನೇರಳೆ ಫೇಲ್

ಬೆಳಗಾವಿಯಲ್ಲಿ ಚರ್ಚಿನ ಬಟ್ಟೆ ಎಲ್ಲಿ ಹೊಲಿಸಿದಿರಿ ಅಂತ ಇಬ್ಬರು ಮೂವರು ಕೇಳಿದ್ರು, ಅದಕ್ಕೆ ಬರೀತಿದ್ದೇನೆ. ನಮ್ಮದು ಸಣ್ಣ ಚರ್ಚ್. ಪೂಜೆ ನಡೆಯುವ ಪೀಠ ಸಿಂಗರಿಸೋದು ನಾವು ಮೂರು ಹೆಂಗಸರು. ವರ್ಷದ ಕಾಲಕ್ಕೆ ತಕ್ಕ ಹಾಗೆ ಅದರ ಬಟ್ಟೆಯ ಬಣ್ಣ ಬದಲಾಗುತ್ತೆ. ಹಳೇ ಬಟ್ಟೆ ಎಲ್ಲಾ ಪಿಸಿದು ಹೋಗಿತ್ತು. ಹೋದ ದೀಪಾವಳಿ ಮುಗಿದ ಮೇಲೆ ಖಡೇಬಜಾರ್ ಕಡೆಯ ಒಬ್ಬ ಟೇಲರ್ ಹತ್ತಿರ ಐದು ಬಣ್ಣದ ಸೆಟ್ ಕೊಟ್ಟೆವು. ಪೀಠದ ಮುಂದೆ ಇಳಿಬಿಡುವ ಪಟ್ಟಿ ಒಂದು, ವಾಚನ ಓದುವ ಸ್ಟ್ಯಾಂಡಿಗೆ ಒಂದು. ಒಟ್ಟು 7,400 ರೂಪಾಯಿ. ಅಂಗಡಿ ಹೆಸರು ಹಾಕಲ್ಲ, ಯಾಕೆ ಅಂತ ಮುಂದೆ ಓದಿ.

ಹೊಲಿಗೆ ಮಾತ್ರ ಒಂದನೇ ನಂಬರ್. ಅಸ್ತರ ಸಮೇತ ಹೊಲಿದಿದ್ದಾರೆ. ಕೆಳಗಿನ ಅಂಚಿನೊಳಗೆ ಸಣ್ಣ ಸರಪಳಿ ಸೇರಿಸಿದ್ದಾರೆ, ಫ್ಯಾನ್ ಎಷ್ಟು ಜೋರಾಗಿ ಹಾಕಿದ್ರೂ ಪಟ್ಟಿ ಹಾರಲ್ಲ. ಇದನ್ನ ನಾವು ಹೇಳಿರಲಿಲ್ಲ, ಅವರೇ ಯೋಚಿಸಿ ಮಾಡಿದ್ದು.

ಅಳತೆ ತಗೊಳ್ಳುವಾಗ ಅವರು ಕೇಳಿದ ಪ್ರಶ್ನೆ ಇನ್ನೂ ಚೆನ್ನಾಗಿತ್ತು: "ಅಕ್ಕಾರ, ಯಾವ ಬಣ್ಣ ಎಷ್ಟು ದಿನ ಹಾಕ್ತೀರಿ?" ನಾನು ಹಸಿರು ಅಂದೆ. ಕ್ರಿಸ್ಮಸ್ ಕಾಲ ಮುಗಿದು ಬೂದಿ ಬುಧವಾರದ (ಈಸ್ಟರಿಗೆ ಮುಂಚಿನ ಉಪವಾಸ ಶುರುವಾಗೋ ದಿನ) ತನಕ, ಆಮೇಲೆ ಪೆಂಟೆಕೋಸ್ತ್ (ಪವಿತ್ರಾತ್ಮರು ಇಳಿದು ಬಂದ ಹಬ್ಬ) ಆದ ಮರುದಿನದಿಂದ ನವೆಂಬರ್ ಕೊನೆ ತನಕ. ಅದು ಸಾಧಾರಣ ಕಾಲ, ವರ್ಷದಲ್ಲಿ 33 ಇಲ್ಲಾ 34 ವಾರ. ದೊಡ್ಡ ಹಬ್ಬ ಇಲ್ಲ, ಉಪವಾಸ ಇಲ್ಲ, ಯೇಸು ಊರೂರು ತಿರುಗಿ ಹೇಳಿದ್ದು ಮಾಡಿದ್ದನ್ನ ವಾರ ವಾರ ಕೇಳುತ್ತಾ ಹೋಗೋದು, ಅಷ್ಟೇ. ಅವರು ತಕ್ಷಣ ಹಸಿರಿಗೆ ತೆಗೆದಿಟ್ಟಿದ್ದ ಸಾಟಿನ್ ಪಕ್ಕಕ್ಕೆ ಸರಿಸಿ ದಪ್ಪ ಬಟ್ಟೆ ತೆಗೆದ್ರು. ದಿನಾ ಉಡೋ ಸೀರೆ ಗಟ್ಟಿ ಇರಬೇಕು, ಲಗ್ನದ ಸೀರೆ ಹೆಂಗಿದ್ರೂ ನಡೀತದ ಅಂದ್ರು. ನಾವು ಮೂರೂ ಜನ ಬಿಳಿ, ಬಂಗಾರದ ಜರಿ ನೋಡ್ತಾ ನಿಂತಿದ್ವಿ, ಹಸಿರಿನ ಚಿಂತೆ ಯಾರಿಗೂ ಇರಲಿಲ್ಲ!

ಗುಲಾಬಿ ಬಣ್ಣಕ್ಕೆ ಮಾತ್ರ ತಕರಾರು ತೆಗೆದ್ರು. "ವರ್ಷಕ್ಕ ಎರಡ ದಿನಕ್ಕ ಯಾಕ್ರೀ ಇಷ್ಟು ರೊಕ್ಕಾ?" ಕ್ರಿಸ್ಮಸ್ಸಿಗೆ ಕಾಯುವ ಆಗಮನ ಕಾಲದ ಮೂರನೇ ರವಿವಾರ, ಈಸ್ಟರಿಗೆ ಮುಂಚೆ ಉಪವಾಸ ಮಾಡುವ ತಪಸ್ಸು ಕಾಲದ ನಾಲ್ಕನೇ ರವಿವಾರ, ಎರಡೇ ದಿನ ಹೌದು. ಆ ಎರಡೂ ಕಾಲದ ಬಣ್ಣ ನೇರಳೆ. ಕಾಯೋದರ ನಡುವೆ, ಉಪವಾಸದ ನಡುವೆ, ಹಬ್ಬ ಹತ್ತಿರ ಬಂತು ಅಂತ ಸ್ವಲ್ಪ ಖುಷಿ ಪಡೋ ದಿನ. ಆ ದಿನ ನೇರಳೆಯೇ ಇದ್ರೂ ತಪ್ಪಿಲ್ಲ. ಆದ್ರೆ ಮಾರ್ಚ್ 15ಕ್ಕೆ ಹಾಕಿದಾಗ ಮಕ್ಕಳು "ಇವತ್ತು ಏನು ಹಬ್ಬ?" ಅಂತ ಕೇಳಿದ್ರು, ನನಗೆ ಅಷ್ಟಕ್ಕೇ ರೊಕ್ಕ ವಸೂಲಾಯ್ತು.

ಈಗ ದೂರು. ನವೆಂಬರ್ 22ಕ್ಕೆ ಕೊಡ್ತೀನಿ ಅಂದವರು ಕೊಟ್ಟಿದ್ದು 29ರ ಸಂಜೆ ಏಳಕ್ಕೆ. ತುಳಸಿ ಲಗ್ನ ಆದ ಮೇಲೆ ಮದುವೆ ಸೀಸನ್, ಬ್ಲೌಸ್ ಜಾಸ್ತಿ ಬಂದವಂತೆ. ಒಪ್ಪೋಣ, ಆದ್ರೆ 30ಕ್ಕೆ ಆಗಮನ ಕಾಲದ ಮೊದಲ ರವಿವಾರ. ನಮಗೆ ಚರ್ಚಿನ ಹೊಸ ವರ್ಷ ಜನವರಿ ಒಂದಕ್ಕಲ್ಲ, ಆವತ್ತೇ. ಅದನ್ನ ಮುಂದೂಡೋಕೆ ಆಗಲ್ವಲ್ಲ? ರಾತ್ರಿ ಒಂಬತ್ತಕ್ಕೆ ಚರ್ಚಿನಲ್ಲಿ ಕೂತು ಇಸ್ತ್ರಿ ಮಾಡಿದೆವು.

ನೇರಳೆಯದು ಇನ್ನೂ ದೊಡ್ಡ ಕಥೆ. ತಪಸ್ಸು ಕಾಲದಲ್ಲಿ ಪಟ್ಟಿ ಮೇಲೆ ಮೇಣ ಬಿತ್ತು. ಕಾಗದ ಇಟ್ಟು ಇಸ್ತ್ರಿ ಮಾಡಿದೆ, ಉಳಿದ ಕಲೆಗೆ ಒದ್ದೆ ಬಟ್ಟೆ ಒತ್ತಿದೆ. ಬಣ್ಣ ಬಿಡ್ತು ನೋಡಿ, ಮೇಲೆ ಹಾಸುವ ಬಿಳಿ ಬಟ್ಟೆ ಅಂಚಿಗೆ ನೇರಳೆ ಹಣ್ಣು ತಿಂದು ಕೈ ಒರೆಸಿದ ಹಾಗೆ ಕಲೆ! ತಪಸ್ಸು ಕಾಲ ಅಂದ್ರೆ ಬೂದಿ ಬುಧವಾರದಿಂದ ಪಾಸ್ಖದ (ಈಸ್ಟರ್ ಹಬ್ಬದ) ಹಿಂದಿನ ದಿನದ ತನಕ 46 ದಿನ. ರವಿವಾರ ಆರು ಬಿಟ್ಟು 40 ಅಂತ ಲೆಕ್ಕ. (ಆ ಆರು ದಿನ ನಾನು ಕುಂದಾ ತಿಂದೆ, ಬಿಟ್ಟಿದ್ದು ಉಳಿದ 40 ದಿನ ಮಾತ್ರ.) ಬಟ್ಟೆಗೆ ಹೆಚ್ಚಿನ ರವಿವಾರವೂ ರಜೆ ಇಲ್ಲ, ಇಷ್ಟು ದಿನ ತೂಗಬೇಕಾದ ಬಣ್ಣ ಪಕ್ಕಾ ಇರಬೇಕಲ್ವಾ?

ವಾಪಸ್ ತಗೊಂಡು ಹೋದೆ. ಜಗಳ ಆಡಲಿಲ್ಲ, ಬೇರೆ ಬಟ್ಟೆ ಹಾಕಿ ಕೊಡ್ತೀನಿ ಅಂದ್ರು. ನಿಮ್ಮ ಪಾಸ್ಖ ಹಬ್ಬ ಪ್ರತಿ ವರ್ಷ ಯಾಕೆ ಹಿಂದೆ ಮುಂದೆ ಓಡುತ್ತೆ ಅಂತ ಕೇಳಿದ್ರು. ಮಾರ್ಚ್ 21ಕ್ಕೆ ಇಲ್ಲಾ ಆಮೇಲೆ ಬರೋ ಮೊದಲ ಹುಣ್ಣಿಮೆ ನೋಡಿ ಅದರ ಮುಂದಿನ ರವಿವಾರ ಅಂದೆ. "ಅಂದ್ರ ದವನದ ಹುಣ್ಣಿಮಿ ಆದ ಮ್ಯಾಲ!" ಈ ವರ್ಷ (2026) ಹಾಗೇ, ಏಪ್ರಿಲ್ 2ಕ್ಕೆ ಹುಣ್ಣಿಮೆ, 5ಕ್ಕೆ ಪಾಸ್ಖ. 2024ರಲ್ಲಿ ಹೋಳಿ ಹುಣ್ಣಿಮೆಯ ಬೆನ್ನಿಗೇ ಬಂದಿತ್ತು.

ಈಗ ಪೀಠದ ಮೇಲೆ ಬಿಳಿ ಇದೆ, ಪಾಸ್ಖ ಕಾಲ 50 ದಿನ. ಮೇ 24ಕ್ಕೆ ಪೆಂಟೆಕೋಸ್ತ್, ಆವತ್ತು ಪವಿತ್ರಾತ್ಮರ ಬೆಂಕಿಯ ಕೆಂಪು. ಪಾಸ್ಖದ ಹಿಂದಿನ ವಾರ ಬರೋ ಗರಿಗಳ ರವಿವಾರ ಕೆಂಪನ್ನ ಒಮ್ಮೆ ಹಾಕಿದ್ವಿ, ಏನೂ ಆಗಿಲ್ಲ. ಆದ್ರೂ ಒಂದು ಮೂಲೆ ಒದ್ದೆ ಮಾಡಿ ಬಿಳಿ ಕರ್ಚೀಫಿಗೆ ಉಜ್ಜಿ ನೋಡಿದೆ, ಬಣ್ಣ ಬಿಡಲಿಲ್ಲ. ಐದಕ್ಕೆ ಮೂರೂವರೆ ಸ್ಟಾರ್. ಹೊಸ ನೇರಳೆ ಈ ಸಲ ನವೆಂಬರ್ 29ಕ್ಕೆ ಬೇಕು, ಅವರಿಗೆ ಮಾತ್ರ ಗಣಪತಿ ಹಬ್ಬದೊಳಗೇ ಬೇಕು ಅಂತ ಹೇಳಿ ಬಂದಿದ್ದೇನೆ.